ಕೆಂಪು ಬಾಳೆಹಣ್ಣಿನ ಮೇಲೆ ನಾನು ನಡೆಸಿದ ಸಂಶೋಧನೆ

ಕಲಬುರಗಿಯ ಒಂದು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಕಾಗೆ ಕೂತದ್ದಕ್ಕೇ ಟೊಂಗೆ ಮುರಿಯಿತು ಅನ್ನಬೇಡಿ ಎಂದು ಪ್ರತಿ ವರ್ಷ ಮಕ್ಕಳಿಗೆ ಬೋಧಿಸಿ, ಅಂದವರ ಅಂಕ ಕತ್ತರಿಸುವುದೇ ನನ್ನ ಉದ್ಯೋಗ. ಆದ್ದರಿಂದ ಈ ವಿಷಯದಲ್ಲಿ ನಾನು ಮೋಸ ಹೋಗುವ ಸಂಭವವೇ ಇರಲಿಲ್ಲ.

ನನ್ನ ಹೆಂಡತಿ ಭಾಗ್ಯ ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸುರಿಯಾಗಿದ್ದಳು. ಏಳನೇ ತಿಂಗಳಲ್ಲಿ ಡಾಕ್ಟರಮ್ಮ, "ಕೂಸಿನ ತೂಕ ಸ್ವಲ್ಪ ಕಡಿಮಿ ಅದ. ಗಾಬರಿ ಬ್ಯಾಡ, ಮುಂದಿನ ಸಲ ಮತ್ತ ನೋಡೋಣು" ಎಂದರು. ಭಾಗ್ಯ ಗಾಬರಿಯಾಗಲಿಲ್ಲ. ಆ ಕೆಲಸವನ್ನು ನಾನು ವಹಿಸಿಕೊಂಡೆ. ನನಗೆ ಊಟ ಸೇರುತ್ತಿರಲಿಲ್ಲ. ಏನಾದರೂ ಮಾಡಲೇಬೇಕು ಎಂದು ಚಡಪಡಿಸುತ್ತಿದ್ದೆ.

ಅಷ್ಟರಲ್ಲಿ ಕಮಲಾಪುರದ ಅತ್ತೆಯ ಮನೆಯಲ್ಲಿ ಭಾಗ್ಯಳ ಕುಬಸದ, ಅಂದರೆ ಸೀಮಂತದ, ಕಾರ್ಯ ಬಂತು. ಅವರ ಬಳಗದಲ್ಲಿ ಒಂದು ಪದ್ಧತಿ ಉಂಟು. ಕುಬಸವಾದ ದಿನದಿಂದ ಹೆರಿಗೆಯಾಗುವವರೆಗೆ ಬಸುರಿಗೆ ದಿನವೂ ಒಬ್ಬರಲ್ಲ ಒಬ್ಬರ ಮನೆಯಿಂದ ಆ ಊರಿನ ಕೆಂಪು ಬಾಳೆಹಣ್ಣು ಬರುತ್ತದೆ. ಇದನ್ನು ಕೇಳಿದ ಕೂಡಲೇ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಊಟಕ್ಕೆ ಕೂತ ಹೆಂಗಸರ ಪಂಕ್ತಿಯಲ್ಲಿ ಒಬ್ಬೊಬ್ಬರ ಎದುರೂ ನಿಂತು, "ಆಗ ನೀವು ಹಣ್ಣು ಎಷ್ಟು ತಿಂದಿದ್ರಿ? ಕೂಸು ಹೆಂಗಿತ್ತು?" ಎಂದು ವಿಚಾರಣೆ ಶುರು ಮಾಡಿದೆ.

"ಅಳಿಯಂದ್ರ, ಹೋಳಿಗಿ ಆರಾಕತ್ತಾವ. ಬಾಣಂತ್ಯಾರ ಪುರಾಣ ಆಮ್ಯಾಲ ಕೇಳೀರಂತ" ಎಂದರು ಅತ್ತೆ.

ವಿಜ್ಞಾನ ಹೋಳಿಗೆಗೆ ಕಾಯುವುದಿಲ್ಲ. ಉತ್ತರ ಕನ್ನಡಿಯಂತೆ ಸ್ಪಷ್ಟವಾಗಿತ್ತು. ಹಣ್ಣು ಬಹಳ ತಿಂದವರಿಗೆಲ್ಲ ದಿನ ತುಂಬಿದ, ಗುಂಡಗುಂಡಗಿನ ಕೂಸು. ಕಡಿಮೆ ತಿಂದವರಿಗೆ ದಿನ ತುಂಬದ ಸಣ್ಣ ಕೂಸು. ಒಬ್ಬರೂ ಈ ನಿಯಮಕ್ಕೆ ತಪ್ಪಿರಲಿಲ್ಲ! ಕೂಸಿನ ತೂಕದ ಗುಟ್ಟು ಸಿಕ್ಕಿತೆಂದು ಪಂಕ್ತಿಯ ನಡುವೆಯೇ ಘೋಷಿಸಿದೆ. ಹೆಂಗಸರು ಗೌರವದಿಂದ ಕೇಳಿಸಿಕೊಂಡರು.

ಭಾಗ್ಯ ಡಾಕ್ಟರಮ್ಮನಿಗೆ ಹತ್ತಿರವಿರಬೇಕಾದ್ದರಿಂದ ತವರಿನಲ್ಲಿ ಉಳಿಯುವಂತಿರಲಿಲ್ಲ. ಹಾಗಾಗಿ ಒಂದು ಇಡೀ ಗೊನೆಯನ್ನೇ ಹೊತ್ತು ಬಸ್ಸು ಹತ್ತಿದೆ.

"ಇದಕ್ಕೂ ಒಂದ್ ಸೀಟ್ ಬೇಕೇನ್ರಿ ಸರ?" ಎಂದ ಕಂಡಕ್ಟರ್.

ಕಲಬುರಗಿಯ ಕುಸನೂರಿನಲ್ಲಿರುವ ನಮ್ಮ ಮನೆಯಲ್ಲಿ ಪ್ರಯೋಗ ಆರಂಭವಾಯಿತು. ಮುಂಜಾನೆ ಉಪ್ಪಿಟ್ಟಿನ ಜೊತೆ ಹಣ್ಣು, ಮಧ್ಯಾಹ್ನ ರೊಟ್ಟಿಯ ಮೇಲೆ ಹಣ್ಣು, ಸಂಜೆ ಚಹಾದ ಬದಲು ಹಣ್ಣು. ಗೊನೆ ಮುಗಿದರೆ ಇನ್ನೊಂದು ಗೊನೆ.

"ರೀ, ಹಣ್ಣು ನೋಡಿದ್ರ ವಾಕರಿಕಿ ಬರಾಕತ್ತದ" ಎಂದಳು ಭಾಗ್ಯ.

"ನಿನಗಲ್ಲ, ಕೂಸಿಗೆ ತಿನ್ನು" ಎಂದೆ. ಪಾಪ, ತಿಂದಳು.

ಮುಂದಿನ ತಪಾಸಣೆಯಲ್ಲಿ ಡಾಕ್ಟರಮ್ಮ ವರದಿ ನೋಡಿ ಕನ್ನಡಕ ತೆಗೆದರು. "ರಕ್ತದಾಗ ಸಕ್ಕರಿ ಇಷ್ಟ್ಯಾಕ ಏರ್ಯಾದ? ಏನ್ ತಿನಸಾಕತ್ತೀರಿ ಈಕಿಗೆ?"

ನಾನು ಸಂಶೋಧನೆಯನ್ನು ಸವಿಸ್ತಾರವಾಗಿ ಮಂಡಿಸಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ, "ಕಡಿಮಿ ತಿಂದವರು ಕಡಿಮಿ ಯಾಕ ತಿಂದ್ರು, ಅದನ್ನ ಕೇಳಿದ್ರೇನು?" ಎಂದರು.

ಕೇಳಿರಲಿಲ್ಲ. ಉತ್ತರ ಕೊಟ್ಟವಳು ಭಾಗ್ಯ. "ನಮ್ಮ ಸಣ್ಣವ್ವಗ ಕುಬಸ ಆಗಿ ವಾರದಾಗ ಹೆರಿಗಿ ಆತ್ರಿ. ಹಡದ ಮ್ಯಾಲ ಬಸುರಿ ಹಣ್ಣು ಯಾರ್ ಕೊಡ್ತಾರ?"

ಕುರ್ಚಿಯಲ್ಲೇ ನಾನು ಕುಗ್ಗಿದೆ. ಹಣ್ಣು ತಿಂದದ್ದರಿಂದ ದಿನ ತುಂಬಿರಲಿಲ್ಲ. ದಿನ ತುಂಬುವತನಕ ಬಸುರಿಯಾಗಿದ್ದದ್ದರಿಂದ ಅಷ್ಟು ಹಣ್ಣು ತಿಂದಿದ್ದರು. ಕಾಗೆ, ಟೊಂಗೆ ಎರಡೂ ನನ್ನ ತಲೆಯ ಮೇಲೇ ಬಿದ್ದವು.

"ಮತ್ತ ಕುಬಸಕ್ಕ ಬಂದವರನ್ನಷ್ಟೇ ಕೇಳೀರಿ" ಎಂದರು ಡಾಕ್ಟರಮ್ಮ.

ಭಾಗ್ಯ ನನ್ನ ಕಡೆ ತಿರುಗಿದಳು. "ಶಾಂತಕ್ಕ ಬಂದಿದ್ದಿಲ್ರಿ. ನಮ್ಮ ದೊಡ್ಡಪ್ಪನ ಮಗಳು. ದಿನ ತುಂಬೂತನ ಹಣ್ಣು ತಿಂದಿದ್ಲು. ಕೂಸು ಉಳೀಲಿಲ್ಲ. ಅಂಥವರು ಕುಬಸಕ್ಕ ಬರಾಂಗಿಲ್ಲ. ಬಂದ್ರ ಮಂದಿ ಒಂದ್ ನಮೂನಿ ನೋಡ್ತಾರ."

ಅಲ್ಲಿಯವರೆಗೆ ನನಗೆ ಆಗಿದ್ದು ಬರೀ ಪೇಚಾಟ. ಈ ಮಾತಿಗೆ ನಿಜವಾಗಿ ನಾಚಿಕೆಯಾಯಿತು. ಒಬ್ಬರೂ ನಿಯಮಕ್ಕೆ ತಪ್ಪಿಲ್ಲವೆಂದು ನಾನು ಕುಣಿದದ್ದು, ತಪ್ಪಿದವಳು ತನ್ನ ಮನೆಯೊಳಗೇ ಕೂತಿದ್ದರಿಂದ.

ಹಣ್ಣು ನಿಂತಿತು, ಪಥ್ಯ ಶುರುವಾಯಿತು, ಸಕ್ಕರೆ ಇಳಿಯಿತು. ಮಗಳು ದಿನ ತುಂಬಿ ಹುಟ್ಟಿದಳು. ತೂಕ ಎಲ್ಲ ಕೂಸುಗಳ ಹಾಗೆ, ಸಾಧಾರಣ. ನನಗೆ ಅಷ್ಟು ಚಂದದ ಸಾಧಾರಣ ಬೇರೆ ಕಂಡಿಲ್ಲ.

ತೊಟ್ಟಿಲ ಕಾರ್ಯಕ್ಕೆ ಭಾಗ್ಯ ತಾನೇ ಫೋನ್ ಮಾಡಿ ಶಾಂತಕ್ಕನನ್ನು ಕರೆಸಿದಳು. ಮೊದಲು ತೊಟ್ಟಿಲು ತೂಗಿದವಳು ಆಕೆಯೇ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಕುಬಸದ ದಿನದ ಪಂಕ್ತಿಯ ಹೆಂಗಸರು ನನ್ನನ್ನು ಸುತ್ತುವರಿದರು. "ಸರ, ನೀವು ಹೇಳಿದಂಗ ಆತ್ ನೋಡ್ರಿ. ಈಗ ನಮ್ಮ ಸೊಸಿಗೂ ಗೊನಿಗಟ್ಲೆ ತಿನಸಾಕತ್ತೀವಿ."

ನಾನು ಕೈಮುಗಿದೆ. ಅದೆಲ್ಲ ತಪ್ಪು ಲೆಕ್ಕ, ಸಕ್ಕರೆ ಏರುತ್ತದೆ, ಡಾಕ್ಟರನ್ನು ಕೇಳದೆ ತಿನ್ನಿಸಬೇಡಿ ಎಂದು ತಿಳಿಸಿ ಹೇಳಿದೆ.

"ಎಷ್ಟ್ ಕಲಿತ್ರೂ ದೊಡ್ಡಸ್ತನ ಇಲ್ಲ ನೋಡ್ರಿ" ಎಂದು ಮೆಚ್ಚಿಕೊಂಡು ಅವರು ಊಟಕ್ಕೆ ಹೋದರು.

ಭಾಗ್ಯ ಕೂಸನ್ನು ನನ್ನ ಕೈಗಿಟ್ಟು ಅಂದಳು: "ಕ್ಲಾಸಿನಾಗ ನಿಮ್ಮ ಪಾಠ ಯಾರೂ ತಲಿಗಿ ಹಚ್ಚಿಕೊಳ್ಳಾಂಗಿಲ್ಲ ಅಂತ ಕೊರಗ್ತಿದ್ರಿ. ಈಗ ನೋಡ್ರಿ, ಇಡೀ ಬಳಗ ಹಚ್ಚಿಕೊಂಡದ. ಎದ್ದು ಮನಿಮನಿಗೆ ಹೋಗಿ ಬಿಡಿಸಿ ಬರ್ರಿ."

ಈಗ ಪ್ರತಿ ಭಾನುವಾರ ನಾನು ಕಮಲಾಪುರದ ಬಸ್ಸು ಹತ್ತುತ್ತೇನೆ. ಹೋದ ಮನೆಯವರೆಲ್ಲ ನನ್ನ ಮಾತು ಕೇಳಿ, ತಲೆಯಾಡಿಸಿ, ಬರುವಾಗ ಕೈಗೊಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟು ಕಳಿಸುತ್ತಾರೆ.