ಹಲ್ಲಿಯನ್ನೂ ಬಿಡದ ಅಲಾರಂ

ಕಳ್ಳರನ್ನು ಹಿಡಿಯುವ ಅಲಾರಂ ಆರಿಸುವುದೊಂದು ಕಲೆ. ಆ ಕಲೆ ನನಗೆ ಹುಟ್ಟಿನಿಂದಲೇ ಒಲಿದಿದೆ ಎಂದು ಮೊನ್ನೆಮೊನ್ನೆಯವರೆಗೂ ನಂಬಿದ್ದೆ.

ದಾವಣಗೆರೆಯಲ್ಲಿ ನನ್ನ ನಾದಿನಿಯ ಸೀಮಂತವಿತ್ತು. ಮೊದಲ ಹಸಿರು ಬಳೆ ಅಕ್ಕನೇ ತೊಡಿಸಬೇಕೆಂದು ಅವಳ ಹಟ. ನನ್ನ ಹೆಂಡತಿ ಗಿರಿಜಾ ಶಿವಾಜಿನಗರವನ್ನೆಲ್ಲ ಸುತ್ತಿ ಬಳೆ ತಂದಿಟ್ಟಿದ್ದಳು.

"ಕೀ ಸ್ಟೆಲ್ಲಾ ಆಂಟಿ ಹತ್ರ ಕೊಟ್ಟು ಹೋಗೋಣ ರೀ" ಎಂದಳು, ಎಂದಿನಂತೆ.

ಸ್ಟೆಲ್ಲಾ ಆಂಟಿ ಕೆಳಗಿನ ಮನೆಯವರು. ಕುಕ್ ಟೌನಿನ ನಮ್ಮ ರಸ್ತೆಯಲ್ಲಿ ಅವರ ಕಣ್ಣು ತಪ್ಪಿಸಿ ಬೆಕ್ಕು ಕೂಡ ದಾಟದು. ಆದರೆ ಹೋದ ಸಲ ಕೀ ಕೊಟ್ಟಾಗ ಏನಾಯಿತು? ನಮ್ಮ ಫ್ರಿಜ್ಜಿನ ಉಪ್ಪಿಟ್ಟಿಗೆ ಬೂಷ್ಟು ಬಂದ ಸುದ್ದಿ, ನಾವು ಊರಿಂದ ಮರಳುವ ಮೊದಲೇ ಬೀದಿಗೆಲ್ಲ ಹಬ್ಬಿತ್ತು. ಇಸ್ತ್ರಿಯವನೂ ನನ್ನನ್ನು ಕಂಡು "ಈಗ ಹೊಟ್ಟೆ ಹೇಗಿದೆ ಸಾರ್?" ಎಂದು ವಿಚಾರಿಸಿಕೊಂಡ!

"ಈ ಕಾಲದಲ್ಲೂ ಅಕ್ಕಪಕ್ಕದವರಿಗೆ ಕೀ ಕೊಡೋದಾ? ಟೆಕ್ನಾಲಜಿ ಇರೋದ್ಯಾಕೆ?" ಎಂದು ಘೋಷಿಸಿ, ಇಂದಿರಾನಗರದ ಅಂಗಡಿಯೊಂದಕ್ಕೆ ದಯಮಾಡಿಸಿದೆ.

ಅಂಗಡಿಯವನು ಒಂದೊಂದಾಗಿ ಬಿಚ್ಚಿ ತೋರಿಸಿದ. "ಕ್ಯಾಮೆರಾ ಇರೋದು ತಗೊಳ್ಳಿ ಸಾರ್. ಕಳ್ಳನ ಮುಖ ಫೋನಲ್ಲೇ ಕಾಣ್ಸತ್ತೆ."

"ಮುಖ ನೋಡಿ ನಾನೇನು ಅವನಿಗೆ ಹೆಣ್ಣು ಕೊಡ್ಬೇಕಾ? ಅವನು ಬಂದ್ರೆ ಅಲಾರಂ ಹೊಡ್ಕೊಂಡ್ರೆ ಸಾಕು!"

"ಸರಿ, ಹಾಗಾದ್ರೆ ಸೆನ್ಸರ್ ಮಾಡೆಲ್. ಮೀಡಿಯಂನಲ್ಲಿ ಇಡಿ. ಹೈ ಇಟ್ರೆ ಹಲ್ಲಿ ಓಡಾಡಿದ್ರೂ ಹೊಡ್ಕೊಳ್ಳತ್ತೆ."

"ಹಲ್ಲೀನೇ ಬಿಡದ್ದು ಕಳ್ಳನ್ನ ಬಿಡತ್ತೇನ್ರೀ? ಹೈ ಇಡಿ!"

ಅವನು ನನ್ನನ್ನೊಮ್ಮೆ ನೋಡಿದ. ಅದು ಗೌರವದ ನೋಟವೆಂದು ನಾನು ತಿಳಿದೆ.

ಹೊರಡುವ ದಿನ ಗಿರಿಜಾ ರಸೆಲ್ ಮಾರುಕಟ್ಟೆಯ ಸೇವಂತಿಗೆಯನ್ನು ಹಾಲ್‌ನಲ್ಲಿದ್ದ ಮನೆದೇವರ ಫೋಟೊಗೆ ಮುಡಿಸಿ, ಕೈಮುಗಿದು ನಿಂತೇ ಬಿಟ್ಟಳು. ಪ್ರಯಾಣ ಸುಖವಾಗುವುದಾದರೆ ದೇವರು ಬಲಗಡೆಯಿಂದ ಹೂ ಬೀಳಿಸಿ ಒಪ್ಪಿಗೆ ಕೊಡಬೇಕು, ಅದು ಅವಳ ತವರಿನ ಪದ್ಧತಿ. ದೇವರಿಗೆ ಅವಸರವಿರಲಿಲ್ಲ. ನನಗಿತ್ತು.

"ರೈಲು ಹೋಗತ್ತೆ ಕಣೇ! ದೇವರು ಆಮೇಲೆ ಕೊಡ್ತಾನೆ, ನಡಿ!"

ಹಾಲ್‌ನ ಗೋಡೆಗೆ ಹಾಕಿಸಿದ್ದ ಅಲಾರಂ ಒತ್ತಿ, ಬೀಗ ಜಡಿದು, ಆಂಟಿಯ ಮುಂದೆ ಕೀಗೊಂಚಲನ್ನು ಬೇಕೆಂದೇ ಜಣಜಣ ಆಡಿಸಿಕೊಂಡು ಮೆಟ್ಟಿಲಿಳಿದೆ. ಎಂಥ ಸುಖ!

ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂತಿದ್ದೆವು. ಫೋನು ಕಿರುಚಿತು. 'ಹಾಲ್‌ನಲ್ಲಿ ಚಲನೆ ಪತ್ತೆ!'

"ಕಳ್ಳ!" ಎಂದು ಕೂಗಿದೆ. ಬೋಗಿಯಲ್ಲಿದ್ದವರೆಲ್ಲ ಜೇಬು ಮುಟ್ಟಿ ನೋಡಿಕೊಂಡರು.

ಗಿರಿಜಾ ತಕ್ಷಣ ಆಂಟಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟಳು. "ಬೀಗ ಹಾಗೇ ಇದೆಮ್ಮಾ! ಒಳಗೆ ಏನೋ ಬೊಬ್ಬೆ ಹೊಡೀತಿದೆ. ಕೀ ಇದ್ದಿದ್ರೆ ನಾನೇ ನೋಡಿ ಹೇಳ್ತಿದ್ದೆ. ನಿಮ್ಮೆಜಮಾನ್ರು ಈ ಸಲ ಕೊಡ್ಲೇ ಇಲ್ವೇ!"

ಗಿರಿಜಾ ನನ್ನತ್ತ ನೋಡಿದಳು. ಆ ನೋಟಕ್ಕೇ ಭಯವಾಯಿತು.

ಅವಳ ಒಡವೆಯೆಲ್ಲ ಬೀರುವಿನಲ್ಲಿತ್ತು. ಇಳಿದೆವು. ರೈಲು ಹೊರಟಿತು. ಬಳೆ ಡಬ್ಬವನ್ನು ಎದೆಗವಚಿಕೊಂಡು ಆಟೊದಲ್ಲಿ ಕೂತ ಅವಳ ಕಣ್ಣು ತುಂಬಿತ್ತು. "ತಂಗಿ ಕಾಯ್ತಿರ್ತಾಳೆ ರೀ" ಎಂದಳು.

ಮನೆ ಮುಂದೆ ಅರ್ಧ ಕುಕ್ ಟೌನ್ ನೆರೆದಿತ್ತು. ಆಂಟಿ ಪೊರಕೆ ಹಿಡಿದು ಸೇನಾಪತಿಯ ಹಾಗೆ ನಿಂತಿದ್ದರು. ಬೀಗ ತೆಗೆದು ಅವರನ್ನೇ ಮುಂದೆ ಬಿಟ್ಟು ಒಳನುಗ್ಗಿದೆ. ಕಳ್ಳನಿಲ್ಲ, ಹಲ್ಲಿಯೂ ಇಲ್ಲ. ಅಲಾರಂ ಮಾತ್ರ ಅರಚುತ್ತಲೇ ಇದೆ. ಕಳ್ಳನಿಗೆ ಊಹಿಸಲಾಗದಂಥ ಪಿನ್ ಇಟ್ಟಿದ್ದೆ. ಈಗ ನನಗೂ ಊಹಿಸಲಾಗಲಿಲ್ಲ! ಕೊನೆಗೆ ಆಂಟಿ ಪೊರಕೆಯ ಹಿಡಿಯಿಂದ ಎರಡೇಟು ಬಿಟ್ಟರು. ನನ್ನ ಟೆಕ್ನಾಲಜಿ ನೆಲಕ್ಕೆ ಬಿದ್ದು ಬಾಯಿ ಮುಚ್ಚಿತು.

ಆ ಮೌನದಲ್ಲಿ ಗಿರಿಜಾ ದೇವರ ಫೋಟೊ ಮುಂದೆ ನಿಂತಿದ್ದಳು. ಕೆಳಗೆ, ಸರಿಯಾಗಿ ಬಲಗಡೆ, ಒಂದು ದಪ್ಪ ಸೇವಂತಿಗೆ ಬಿದ್ದಿತ್ತು.

"ನೋಡಿದ್ರಾ? ಸುಖವಾಗಿ ಹೋಗಿ ಬಾ ಅಂತ ದೇವ್ರು ಹೂ ಕೊಟ್ಟಿದ್ದಾನೆ" ಎಂದಳು ಮೆಲ್ಲಗೆ. "ನೀವು ಅದನ್ನ ಕಳ್ಳ ಅಂದು ರೈಲು ಇಳಿಸಿದ್ರಿ."

"ಹೂ ಇಷ್ಟು ದಪ್ಪ ಇದ್ರೆ ಸೆನ್ಸರ್ ತಾನೇ ಏನು ಮಾಡತ್ತೆ..." ಎಂದು ವೈಜ್ಞಾನಿಕವಾಗಿ ಆರಂಭಿಸಿದೆ.

"ದೇವ್ರನ್ನೇ ಕಳ್ಳ ಅಂದ್ರಾ! ಅಯ್ಯೋ ಕಡವುಳೇ!" ಎಂದು ಆಂಟಿ ತಮಿಳಿನಲ್ಲಿ ದೇವರನ್ನು ಕರೆದು ಶಿಲುಬೆಯ ಗುರುತು ಮಾಡಿಕೊಂಡರು. ಈ ಸುದ್ದಿಯೆದುರು ಬೂಷ್ಟಿನ ಉಪ್ಪಿಟ್ಟು ಏನೇನೂ ಅಲ್ಲವೆಂದು ನನಗಾಗಲೇ ಅರ್ಥವಾಗಿತ್ತು.

ಗಿರಿಜಾ ಫೋನು ಒತ್ತತೊಡಗಿದಳು. "ಸಂಜೆ ಬಸ್ಸಿದೆ, ನಾಳೆ ಸೀಮಂತದ ಹೊತ್ತಿಗೆ ಸೇರ್ಕೋಬಹುದು. ಒಂದು ಸೀಟು ಬುಕ್ ಮಾಡ್ದೆ."

"ಒಂದೇ ಖಾಲಿ ಇತ್ತಾ?"

"ತುಂಬಾ ಖಾಲಿ ಇವೆ. ಒಂದೇ ಬುಕ್ ಮಾಡ್ದೆ."

ಹೊರಡುವಾಗ ಬಿದ್ದ ಹೂವನ್ನು ಮುಡಿದುಕೊಂಡು, ಬಳೆ ಡಬ್ಬ ಎತ್ತಿಕೊಂಡು, ಕೀಗೊಂಚಲನ್ನು ಸೀದಾ ಆಂಟಿಯ ಕೈಗೆ ಕೊಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ.

"ನಾನು ಮನೇಲೇ ಇರ್ತೀನಲ್ಲೇ, ಅವ್ರಿಗ್ಯಾಕೆ ಕೀ?" ಎಂದೆ.

"ಮನೆ ಕಾಯೋಕಲ್ಲ" ಎಂದಳು ಗಿರಿಜಾ. "ಆಂಟಿ, ಇವ್ರನ್ನ ಸ್ವಲ್ಪ ನೋಡ್ಕೊಳ್ಳಿ."