ನಮ್ಮ ಯಜಮಾನರ ಯಂತ್ರದ ಗಾಡಿ

ಶಿಸ್ತಿನ ಮನೆಯಲ್ಲಿಯೇ ಇಂಥವು ಆಗುತ್ತವೆ. ಅಶಿಸ್ತಿನ ಮನೆಯಲ್ಲಿ ಆದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ನಾನು ಗುಲಬರ್ಗಾದ ಕಾನ್ವೆಂಟಿನಲ್ಲಿ ಓದಿದವಳು. ಊಟದ ಮೇಜಿಗೆ ಮೊಣಕೈ ಊರಬಾರದು, ಬಾಗಿಲು ತಟ್ಟದೆ ಒಳಗೆ ಬರಬಾರದು, ಹೇಳಿದ ಸಮಯಕ್ಕಿಂತ ಐದು ನಿಮಿಷ ಮೊದಲೇ ಇರಬೇಕು ಎಂದು ಸಿಸ್ಟರುಗಳು ಕಲಿಸಿದ್ದನ್ನು ಮದುವೆಯಾಗಿ ಆಳಂದಕ್ಕೆ ಬಂದ ಮೇಲೂ ಬಿಟ್ಟವಳಲ್ಲ. ನಮ್ಮ ಯಜಮಾನರು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ, ಐವತ್ತು ದಾಟಿದ ಆ ಮನುಷ್ಯರಿಗೆ ಪುಣೆಯ ಗೆಳೆಯರೊಬ್ಬರು ಒಂದು ಪೆಟ್ಟಿಗೆ ಕೊಟ್ಟರು. ಅದರೊಳಗೆ ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ತುಂಡುಗಳು, ಗಾಲಿಗಳು, ಪುಟ್ಟ ಮೋಟಾರುಗಳು, ಮತ್ತೆ ಸಾಬೂನಿನ ಡಬ್ಬಿಯಷ್ಟು ದಪ್ಪನೆಯ ಒಂದು ತುಂಡು. ಅದು ಮಿದುಳಂತೆ. ಏನು ಮಾಡಬೇಕೆಂದು ಕಂಪ್ಯೂಟರಿನಲ್ಲಿ ಬರೆದು ಅದಕ್ಕೆ ತುಂಬಿದರೆ ಗಾಡಿ ತಾನೇ ನಡೆಯುತ್ತದೆ. ಬೆಳಕು ನೋಡುವ ಕಣ್ಣು, ಸದ್ದು ಕೇಳುವ ಕಿವಿ ಬೇಕಾದರೆ ಬೇರೆ ತರಿಸಿ ಸಿಕ್ಕಿಸಬಹುದು.

ಹದಿನೈದು ದಿನ ನಾನು ಸುಮ್ಮನಿದ್ದೆ. ಅದೇ ತಪ್ಪಾಯಿತು.

ಗೋಡೆ ಗಡಿಯಾರ

ಆ ಗಾಡಿಗೆ ಆರು ಸೆಲ್ ಬೇಕು. ಆಗ ನಾನು ಮಹಿಳಾ ಮಂಡಳದ ಕಾರ್ಯದರ್ಶಿ. ಹಿಂದಿನ ವಾರವಷ್ಟೇ ಸಮಯಪಾಲನೆಯ ಬಗ್ಗೆ ಅರ್ಧ ಗಂಟೆ ಮಾತಾಡಿದ್ದೆ. ನಾಲ್ಕು ಗಂಟೆಯ ಸಭೆಗೆ ಗೋಡೆ ಗಡಿಯಾರ ನೋಡಿಕೊಂಡೇ ಹೊರಟೆ. ಹೋಗಿ ನೋಡಿದರೆ ಸಭೆ ಮುಗಿದು, ಚಹಾ ಆಗಿ, ಕಪ್ಪುಗಳನ್ನು ತೊಳೆಯುತ್ತಿದ್ದರು.

ಮನೆಗೆ ಬಂದು ಗಡಿಯಾರ ಇಳಿಸಿದೆ. ಅದರ ಬೆನ್ನು ಖಾಲಿ.

"ಇದರ ಸೆಲ್ ಎಲ್ಲಿ ಅದರೀ?" ಎಂದೆ.

ಯಜಮಾನರು ಗಾಡಿಯಿಂದ ತಲೆ ಎತ್ತಲಿಲ್ಲ. "ಹತ್ತು ನಿಮಿಷಕ್ಕಂತ ತಗೊಂಡಿದ್ದೆ. ಟೈಮ್ ಹೋಗಿದ್ದೇ ಗೊತ್ತಾಗಲಿಲ್ಲ ನೋಡು."

ಅತ್ತೆಯವರ ಮಡಿ

ಅಂದೇ ಷರತ್ತು ಹಾಕಿದೆ. ಶ್ರಾವಣ ಮುಗಿಯುವುದರೊಳಗೆ ಈ ಗಾಡಿ ಒಂದಾದರೂ ಉಪಯೋಗದ ಕೆಲಸ ಮಾಡಿ ತೋರಿಸಬೇಕು, ಇಲ್ಲವಾದರೆ ಪೆಟ್ಟಿಗೆ ಪುಣೆಗೆ ವಾಪಸು. ಯಜಮಾನರ ಮುಖ ಸಣ್ಣದಾಯಿತು. "ಒಂದು ಮಾಡಿದ್ರ ಸಾಕಲ್ಲ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಅತ್ತೆಯವರು ಜೇವರ್ಗಿಯಿಂದ ಬಂದಿದ್ದರು. ಅವರಿಗೆ ಕೂತಲ್ಲಿಗೇ ನೀರು ತರುವ ಕೆಲಸ ಎಂದು ನಿಶ್ಚಯವಾಯಿತು. ಗಾಡಿಗೆ ಬೆಳಕಿನ ಕಣ್ಣು ಸಿಕ್ಕಿಸಿ, ಬಿಳಿ ಗೆರೆ ಹಿಡಿದು ನಡೆಯಬೇಕೆಂದು ಬರೆದು ತುಂಬಿದರು. ಅಡುಗೆಮನೆಯಿಂದ ಪಡಸಾಲೆಯವರೆಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಬೆನ್ನ ಮೇಲೆ ಲೋಟ ಇಟ್ಟು ಬಿಟ್ಟರು. ಇಪ್ಪತ್ತು ವರ್ಷದಿಂದ ತಾವು ತುಳಿಯುತ್ತಿರುವ ನೆಲ ಯಾವುದೆಂದು ಮಾತ್ರ ಮರೆತಿದ್ದರು. ನಮ್ಮದು ಶಹಾಬಾದ್ ಫರಸಿ. ಕಪ್ಪುಗಟ್ಟಿದ ಕಲ್ಲು, ಕಲ್ಲು ಕಲ್ಲಿನ ನಡುವೆಯೂ ಬಿಳಿ ಸಿಮೆಂಟಿನ ಗೆರೆ. ಗಾಡಿ ಮೊದಲನೆಯ ಸಂದಿಯಲ್ಲೇ ಬಲಕ್ಕೆ ತಿರುಗಿ, ನೆಟ್ಟಗೆ ದೇವರ ಮನೆ ಹೊಕ್ಕು, ಮಡಿಯುಟ್ಟು ಕೂತ ಅತ್ತೆಯವರ ಕಾಲಿಗೆ ತಾಗಿ ನಿಂತಿತು.

"ಮುಟ್ತಲ್ಲೋ ಇದು. ಮತ್ತ ಸ್ನಾನ ಮಾಡಬೇಕೇನು?"

"ಪ್ಲಾಸ್ಟಿಕ್ ಅದವ್ವಾ. ಅದಕ್ಕೆಲ್ಲಿ ಮೈಲಿಗಿ."

ಅತ್ತೆಯವರು ಗಾಡಿಯ ಬೆನ್ನ ಮೇಲಿನ ಲೋಟ ಎತ್ತಿ ನೋಡಿದರು. "ಹಂಗಾರ ಛಲೋ ಆತು. ನಾಳಿಂದ ಮಡಿ ನೀರು ಇದೇ ತರ್ಲಿ. ನಿನ್ನ ಹೆಂಡ್ತಿ ಮನ್ಯಾಗೂ ಚಪ್ಪಲಿ ಹಾಕ್ಕೊಂಡು ಅಡ್ಡಾಡ್ತಾಳ."

ಕರೆಂಟಿನ ಸುದ್ದಿ

ನೀರಿನ ಕೊಡ ಗಾಡಿಗಿಂತ ಭಾರ. ಆ ಕೆಲಸ ಆಗಲಿಲ್ಲ. ಯಜಮಾನರು ಗಾಲಿ ಕಿತ್ತು, ಮಿದುಳನ್ನೂ ಕಣ್ಣನ್ನೂ ಗೂಡಿನಲ್ಲಿಟ್ಟರು. ಕೋಣೆ ಕತ್ತಲಾದ ಕೂಡಲೇ ಅದು ಕುಂಯ್ ಕುಂಯ್ ಅನ್ನಬೇಕು. ಸಂಜೆ ಕರೆಂಟ್ ಹೋಯಿತು, ಕುಂಯ್ ಅಂದಿತು.

"ನೋಡು, ಕರೆಂಟ್ ಹೋದದ್ದು ಹೇಳಾಕತ್ತದ" ಎಂದು ಕತ್ತಲಲ್ಲಿ ಅವರ ದನಿ.

"ಕತ್ತಲಾದದ್ದು ನನಗೂ ಕಾಣ್ತದರಿ" ಎಂದೆ.

ನನ್ನ ತೀರ್ಪು ಸರಿಯಲ್ಲವೆಂದು ಅವರು ಮರುದಿನ ಸಂಜೆ ಅಫಜಲಪುರದ ವಿಜ್ಞಾನ ಮಾಸ್ತರರೊಬ್ಬರನ್ನು ಸಾಕ್ಷಿಗೆ ಕರೆತಂದರು. ಕರೆಂಟ್ ತಪ್ಪದೆ ಹೋಯಿತು, ಯಂತ್ರ ತಪ್ಪದೆ ಕೂಗಿತು. ಮಾಸ್ತರರು ಕತ್ತಲಲ್ಲೇ ಪೂರ್ತಿ ವಿವರಣೆ ಕೇಳಿ, "ಹೋಗೂದು ನಮ್ಮ ಅಫಜಲಪುರದಾಗ ಕೂಸಿಗೂ ಗೊತ್ತಾಗ್ತದರಿ ಸರ. ಯಾವಾಗ ಬರ್ತದಂತ ಹೇಳೂದು ಮಾಡ್ರಿ, ನಾನೂ ಒಂದು ತಗೋತೇನಿ" ಎಂದರು.

ಗುರುವಾರದ ಚಹಾ

ಶ್ರಾವಣದ ಕೊನೆಯ ಗುರುವಾರ. ಊರಿಗೆ ಹೊಸದಾಗಿ ಬಂದ ದೊಡ್ಡ ಅಧಿಕಾರಿಯ ಪತ್ನಿಯನ್ನೂ ಮಂಡಳದ ಐದಾರು ಮಹಿಳೆಯರನ್ನೂ ಚಹಾಕ್ಕೆ, ಆಮೇಲೆ ಊಟಕ್ಕೆ ಕರೆದಿದ್ದೆ. ಬೆಳಿಗ್ಗೆ ಎಲ್ಲರೂ ಒಂದೇ ಜೀಪಿನಲ್ಲಿ ಗಾಣಗಾಪುರಕ್ಕೆ ಹೋಗಿ, ದತ್ತನ ದರ್ಶನ ಮುಗಿಸಿ ನೇರ ನಮ್ಮಲ್ಲಿಗೆ ಬಂದರು. ಕಪ್ಪುಗಳ ಹಿಡಿಕೆಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿ ಜೋಡಿಸಿದ್ದೆ.

ಯಜಮಾನರಿಗೆ ಇದು ಕಡೆಯ ಅವಕಾಶ. ಗಾಡಿಗೆ ಕಿವಿ ಸಿಕ್ಕಿಸಿದ್ದರು. ಒಂದು ಚಪ್ಪಾಳೆಗೆ ಹೊರಡಬೇಕು, ಇನ್ನೊಂದಕ್ಕೆ ನಿಲ್ಲಬೇಕು, ಗೋಡೆ ತಾಗಿದರೆ ತಿರುಗಬೇಕು. ಬೆನ್ನ ಮೇಲೆ ಸಕ್ಕರೆ ಬಟ್ಟಲು. ಅವರು ಒಮ್ಮೆ ಕೈ ತಟ್ಟಿದರು, ಗಾಡಿ ಬಂತು. ಇನ್ನೊಮ್ಮೆ ತಟ್ಟಿದರು, ಅಧಿಕಾರಿಯ ಮನೆಯವರ ಮುಂದೆಯೇ ನಿಂತಿತು. ಅವರು ಒಂದು ಚಮಚ ಸಕ್ಕರೆ ತೆಗೆದುಕೊಂಡರು. ಕೆಲಸ ಆಯಿತೆಂದು ನಾನೂ ಮನಸ್ಸಿನಲ್ಲಿ ಒಪ್ಪಿದ್ದೆ.

ಆ ಹೊತ್ತಿಗೆ ಅಡುಗೆಮನೆಯಲ್ಲಿ ರೊಟ್ಟಿ ಮಾಡಲು ಪಕ್ಕದ ಮಟಕಿ ಊರಿನಿಂದ ಬರುವ ಹೆಂಗಸು ಜೋಳದ ಹಿಟ್ಟಿನ ಉಂಡೆ ಇಟ್ಟುಕೊಂಡು ಬಡಿಯತೊಡಗಿದಳು. ಟಪ್, ಗಾಡಿ ಹೊರಟಿತು. ಟಪ್, ನಿಂತಿತು. ಯಜಮಾನರು ಒಳಗೆ ಓಡಿದರು.

"ಜರಾ ನಿಲ್ಲಸವ್ವಾ, ಗಾಡಿ ಓಡಾಕತ್ತದ."

"ಹಂಚು ಕಾದದರಿ ಸರ. ಬಡೀದೇ ರೊಟ್ಟಿ ತೆಳ್ಳಗ ಆಗ್ತದೇನು? ಗಾಡಿಗೇ ನಿಲ್ಲಂತ ಹೇಳ್ರಿ."

ಸಕ್ಕರೆ ನೆಲಕ್ಕೆ ಚೆಲ್ಲುವುದನ್ನು ನೋಡಲಾರದೆ ನಾನೇ ಎದ್ದೆ. ಅತಿಥಿಗಳ ಮುಂದೆ ಕೈ ತಟ್ಟುವುದು ನಾನು ಕಲಿತ ಪದ್ಧತಿಯಲ್ಲ, ಆದರೂ ತಟ್ಟಿದೆ. ನಿಂತಿತು. ಒಳಗಿಂದ ಟಪ್, ಮತ್ತೆ ಹೊರಟಿತು. ಮತ್ತೆ ತಟ್ಟಿದೆ. ರೇಷ್ಮೆ ಸೀರೆಯಲ್ಲಿ ಅದರ ಹಿಂದೆ ಕೈ ತಟ್ಟುತ್ತಾ ಎರಡು ಸುತ್ತು ಬಂದಿರಬೇಕು. ಬಂದವರಲ್ಲಿ ಎಲ್ಲರಿಗಿಂತ ಹಿರಿಯರಾದವರು ನನ್ನನ್ನು ನೋಡಿ, ಮೆಲ್ಲಗೆ ಕಣ್ಣು ಮುಚ್ಚಿ, ತಾವೂ ಕೈ ತಟ್ಟುತ್ತಾ ದತ್ತನ ನಾಮ ಎತ್ತಿದರು. ಗುರುವಾರ, ಗಾಣಗಾಪುರದಿಂದ ಈಗಷ್ಟೇ ಬಂದವರು. ಭಜನೆ ಶುರುವಾಯಿತೆಂದು ಉಳಿದವರೂ ಕಪ್ಪು ಕೆಳಗಿಟ್ಟು ಕೈ ತಟ್ಟತೊಡಗಿದರು. ಗಾಡಿ ತಾಳ ತಪ್ಪದೆ ಹೆಜ್ಜೆ ಹಾಕಿತು. ಒಂದು ತಟ್ಟಿಗೆ ಮುಂದೆ, ಒಂದು ತಟ್ಟಿಗೆ ನಿಂತು, ಹೆಜ್ಜೆ ಹೆಜ್ಜೆಗೂ ಸಕ್ಕರೆ ಚೆಲ್ಲುತ್ತಾ ಪಡಸಾಲೆಯೆಲ್ಲ ಸುತ್ತಿತು. ಮಂಗಳಾರತಿಯಾಗದೆ ಭಜನೆ ನಿಲ್ಲಿಸಿ ಎಂದು ಯಾರಿಗೆ ಹೇಳುವುದು? ನಾನೇ ಆರತಿ ತಂದೆ. ಬಟ್ಟಲಲ್ಲಿ ಉಳಿದ ಸಕ್ಕರೆ ಪ್ರಸಾದವಾಯಿತು. ಚಹಾ ಆರಿ ಕೆನೆ ಕಟ್ಟಿತ್ತು.

ಊಟವಾಗಿ ಅತಿಥಿಗಳು ಹೊರಡುವಾಗ ಯಜಮಾನರ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಗಾಡಿಯನ್ನು ಪೆಟ್ಟಿಗೆಗೆ ಇಡುತ್ತಿದ್ದರು. ಅಷ್ಟರಲ್ಲಿ ಅಧಿಕಾರಿಯ ಮನೆಯವರು ಹೊಸ್ತಿಲಲ್ಲಿ ತಿರುಗಿ ನಿಂತು, "ಮುಂದಿನ ಗುರುವಾರ ನಮ್ಮ ಮನ್ಯಾಗ ಭಜನಿ ಇಟ್ಕೋತೀವ್ರಿ" ಎಂದರು.

"ಖಂಡಿತ ಬರ್ತೇನಿ. ಐದು ನಿಮಿಷ ಮೊದಲೇ ಬರ್ತೇನಿ" ಎಂದೆ.

"ನಿಮಗ್ಯಾಕ್ರಿ ತ್ರಾಸು. ಗಾಡಿ ಕಳಿಸಿದ್ರ ಸಾಕು."