ದಾರದ ಅಳತೆಗೆ ಬಂದ ಚಕ್ರಗಳು

ಉಡುಗೊರೆ ಕೊಟ್ಟವರು "ಹೇಗಿದೆ?" ಎಂದು ಕೇಳಿದಾಗ ನಿಜ ಹೇಳುವ ಧೈರ್ಯ ಇರುವವರನ್ನು ನಾನಿನ್ನೂ ಕಂಡಿಲ್ಲ. ನನಗಂತೂ ಅದು ಹುಟ್ಟಿನಿಂದಲೇ ಇಲ್ಲ. ಕತ್ತು ಹಿಸುಕುವ ಅಂಗಿಯನ್ನು "ಹೇಳಿ ಹೊಲಿಸಿದ ಹಾಗಿದೆ" ಎಂದು ಹೊಗಳಿ, ಅದನ್ನೇ ತೊಟ್ಟು, ಪಾಯಸ ಗಂಟಲಲ್ಲಿ ಇಳಿಯದೆ ಮದುವೆಮನೆಯಿಂದ ವಾಪಸು ಬಂದವನು ನಾನು. ಹಾಗಾಗಿ ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ತಮ್ಮ ಪ್ರತಿ ಶುಕ್ರವಾರ ಫೋನು ಮಾಡಿ, "ಅಣ್ಣಾ, ಚಕ್ರ ಹೆಂಗದೆ?" ಎಂದು ಕೇಳಿದಾಗಲೆಲ್ಲ "ಬೆಣ್ಣೆ ಮಾರಾಯಾ, ಬೆಣ್ಣೆ" ಎನ್ನುತ್ತಿದ್ದೆ. ಕಾರಿನ ಮುಳ್ಳು ಎಪ್ಪತ್ತು ಮುಟ್ಟಿದ ಕೂಡಲೇ ಆ ಬೆಣ್ಣೆ ಸ್ಟೇರಿಂಗಿನ ಮೂಲಕ ನನ್ನ ಎರಡೂ ಕೈಗಳನ್ನು ಮೊಣಕೈವರೆಗೆ ಕಡೆಯುತ್ತಿತ್ತು.

ನಮ್ಮ ಕಾಯ್ಕಿಣಿ ಕಡೆಯಿಂದ ಗಲ್ಫಿಗೆ ಹೋದವರಿಗೆ ಬರೆಯುವ ಪತ್ರದಲ್ಲಿ ಆಗೆಲ್ಲ ಒಂದು ದಾರ ಇರುತ್ತಿತ್ತು. ಪಾದ ಅಳೆದ ದಾರ, ಮಣಿಕಟ್ಟು ಅಳೆದ ದಾರ, ಕಿಟಕಿ ಪರದೆಗೆ ಅಳೆದ ದಾರ. ಅದನ್ನು ಅಲ್ಲಿಯ ಅಂಗಡಿಯಲ್ಲಿ ಹಿಡಿದು ನೋಡಿ ಸಾಮಾನು ತರುವುದು ಪದ್ಧತಿ. ಹಾಗೆ ಬಂದ ಚಪ್ಪಲಿಗಳು ಸರಿಯಾಗಿಯೇ ಇರುತ್ತಿದ್ದವು. ನಾನು ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಸುದ್ದಿ ಕೇಳಿ ತಮ್ಮ, "ಅದ್ಕೆ ಅಲಾಯ್ ಚಕ್ರ ಕಳಿಸ್ತೆ, ಅಳತೆ ಕಳ್ಸು" ಎಂದ. ನಾನು ಒಂದು ಉದ್ದ ದಾರ ತೆಗೆದುಕೊಂಡು ಬೋಲ್ಟಿನಿಂದ ಬೋಲ್ಟಿಗೆ ಒಂದು ಗಂಟು, ರಿಮ್ಮಿನ ಅಗಲಕ್ಕೆ ಒಂದು ಗಂಟು, ಎತ್ತರಕ್ಕೆ ಒಂದು ಗಂಟು ಹಾಕಿ ಲಕೋಟೆಯಲ್ಲಿಟ್ಟು ಕಳಿಸಿದೆ. ಆರು ತಿಂಗಳಿಗೆ ಭಟ್ಕಳದ ಪರಿಚಯದವರೊಬ್ಬರ ಮನೆಸಾಮಾನಿನ ಜೊತೆ ನಾಲ್ಕು ಚಕ್ರಗಳು ಬಂದಿಳಿದವು. ಆಹಾ, ಅವುಗಳ ಹೊಳಪು! ಮುಖ ನೋಡಿಕೊಂಡು ಗಡ್ಡ ಬೋಳಿಸಬಹುದಿತ್ತು.

ಅವುಗಳನ್ನು ಹಾಕಿದ ದಿನದಿಂದ ನಡುಕ ಶುರುವಾಯಿತು. ಭಟ್ಕಳದಲ್ಲಿ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ. ಸೀಸದ ತುಂಡುಗಳನ್ನು ಅಂಟಿಸಿ, "ಆತು, ಇನ್ನು ಎಂತದೂ ಇಲ್ಲ" ಎಂದರು. ಎರಡು ದಿನ ಕಡಿಮೆಯಾದಂತೆ ಕಂಡಿತು, ಮೂರನೇ ದಿನ ಮತ್ತೆ ಅದೇ. ಕುಮಟೆಯಲ್ಲಿ ಅಲೈನ್‌ಮೆಂಟ್ ಮಾಡಿಸಿದೆ, ಟಯರುಗಳನ್ನು ಹಿಂದುಮುಂದು ಬದಲಾಯಿಸಿದೆ. ಪ್ರತಿ ಸಲ ಚಕ್ರ ಬಿಚ್ಚಿ ಹಾಕಿದಾಗಲೂ ನಡುಕ ಸ್ವಲ್ಪ ಬೇರೆಯಾಗುತ್ತಿದ್ದುದರಿಂದ ಪ್ರತಿಯೊಬ್ಬ ಮೆಕ್ಯಾನಿಕ್ಕನೂ ನನ್ನ ಕಣ್ಣಿಗೆ ಧನ್ವಂತರಿಯಾಗಿ ಕಾಣುತ್ತಿದ್ದ. ಶಾಲೆಯ ಸಹೋದ್ಯೋಗಿಗಳು ಹೆದ್ದಾರಿಯ ಹೊಂಡಗಳನ್ನು ದೂರಿದರು. ನನ್ನ ಹೆಂಡತಿ ಮಾತ್ರ ಬೇರೆಯೇ ಕಾಯಿಲೆ ಕಂಡುಹಿಡಿದಳು. "ಕಾರಿಗೆ ಎಂತದೂ ಆಗ್ಲಿಲ್ಲ. ನಡುಗೂದು ನಿಮ್ಮ ಕೈ. ತಮ್ಮ ಬತ್ತಾನೆ ಅಂದಾಗಿಂದ ನಿಮ್ಗೆ ಚಾ ಲೋಟ ಹಿಡೂಕೂ ಆಗೂದಿಲ್ಲ."

ತಮ್ಮ ಬರುವುದಂತೂ ನಿಜವಾಗಿತ್ತು. ನಾಲ್ಕು ವರ್ಷದ ಮೇಲೆ, ಏಪ್ರಿಲಿನಲ್ಲಿ, ಒಂದು ತಿಂಗಳ ರಜೆ. "ಭಟ್ಕಳದಿಂದ ಕುಮಟೆವರಿಗೆ ನಾನೇ ಓಡಿಸೂದು, ನೀ ಬದಿಗೆ ಕೂತ್ಕೊ" ಎಂದು ಬರೆದಿದ್ದ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಚಿಕ್ಕವರಿದ್ದಾಗ ನಮ್ಮಿಬ್ಬರಿಗೂ ಸೇರಿ ಒಂದೇ ಸೈಕಲ್ಲು. ಶಾಲೆಗೆ ಹೋಗುವಾಗ ನಾನು ತುಳಿಯುವುದು, ಅವನು ಹಿಂದೆ ಕ್ಯಾರಿಯರಿನ ಮೇಲೆ ನನ್ನ ಅಂಗಿ ಹಿಡಿದು ಕೂರುವುದು. "ಒಂದ್ಸಲ ನಂಗೆ ಕೊಡಾ ಅಣ್ಣಾ" ಎಂದು ಅವನು ದಾರಿಯುದ್ದಕ್ಕೂ ಗೋಗರೆದರೂ ನಾನು ಹ್ಯಾಂಡಲು ಬಿಟ್ಟುಕೊಟ್ಟವನಲ್ಲ. ಬೀಳಿಸುತ್ತಾನೆ ಎಂದು ನೆಪ. ಈಗ ನಲವತ್ತು ದಾಟಿದ ಮೇಲೆ, ಸ್ಟೇರಿಂಗನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತು ಅವನ ಮುಖ ನೋಡಬೇಕೆಂಬ ಆಸೆ ನನ್ನನ್ನು ತಿನ್ನುತ್ತಿತ್ತು. ಅಂಥ ಹೊತ್ತಿನಲ್ಲಿ ಅವನೇ ಕಳಿಸಿದ ಚಕ್ರ ಅವನ ಕೈಯನ್ನೇ ನಡುಗಿಸಿದರೆ? ಅವನು ಪೆಚ್ಚಾಗಿ ನಗುತ್ತಾನೆ. ಆ ನಗು ನನಗೆ ಬೇಡವಾಗಿತ್ತು.

ಕೊನೆಗೆ ಹೊನ್ನಾವರದಲ್ಲಿ ಮೀನು ದೋಣಿಗಳ ಇಂಜಿನ್ ರಿಪೇರಿ ಮಾಡುವ ಲೇತಿನ ಶೇಷಣ್ಣನ ಬಳಿ ಹೋದೆ. ಅವರು ಒಂದು ಚಕ್ರ ಬಿಚ್ಚಿ, ನಟ್ಟು ಹಾಕದೆ ಹಾಗೇ ಹಬ್ಬಿನ ಮೇಲೆ, ಅಂದರೆ ಚಕ್ರ ಕೂರುವ ಅಚ್ಚಿನ ತುದಿಯ ಮೇಲೆ, ತೂರಿಸಿ ಕೈಯಲ್ಲಿ ಅಲ್ಲಾಡಿಸಿದರು. ಕಟ್ ಕಟ್ ಎಂದಿತು.

"ಕೇಳ್ತಾ ಮಾಸ್ತರ್ರೆ? ನಡೂ ಮಧ್ಯದ ತೂತು ದೊಡ್ಡದು. ದೊಡ್ಡವ್ರ ಬಳೆ ಸಣ್ಣ ಹುಡ್ಗಿ ಕೈಗೆ ಹಾಕ್ದಂಗೆ. ಚಕ್ರ ಹಬ್ಬಿನ ಮೇಲೆ ಕೂತೇ ಇಲ್ಲ, ಬರೀ ನಟ್ಟಿನ ಮೇಲೆ ನೇತಾಡ್ತದೆ. ಒಂದು ಕೂದಲೆಳೆ ಆಚೀಚೆ ಆದ್ರೂ ವೇಗಕ್ಕೆ ನಡುಗ್ತದೆ. ಅಳತೆ ಕೊಟ್ಟವ್ರು ಯಾರು?"

ಅಳತೆ ಕೊಟ್ಟವನು ತಲೆ ತಗ್ಗಿಸಿ ನಿಂತಿದ್ದ. ಕಾರಿನ ಹಳೆಯ ಚಕ್ರದಲ್ಲಿ ನಡುವಿನ ತೂತಿನ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳವಿತ್ತು. ಖಾಲಿ ಜಾಗಕ್ಕೆ ಅಳತೆ ಯಾಕೆ ಎಂದು ಬಿಟ್ಟಿದ್ದೆ. ಇನ್ನೊಂದು ಮಾತು ಶೇಷಣ್ಣನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ತೂತಿನ ಒಳ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್ಸ್ ನನ್ನ ಕಪಾಟಿನಲ್ಲೇ ಇದೆ. ವರ್ಷಕ್ಕೊಮ್ಮೆ ಅದನ್ನು ತೆಗೆದು ಮಕ್ಕಳಿಗೆ ಉದ್ದುದ್ದ ಭಾಷಣ ಮಾಡುತ್ತೇನೆ.

ಶೇಷಣ್ಣ ಲೇತಿನಲ್ಲಿ ನಾಲ್ಕು ಅಲ್ಯೂಮಿನಿಯಂ ಬಳೆ ಕಡೆದು ಹಬ್ಬಿಗೂ ಚಕ್ರಕ್ಕೂ ನಡುವೆ ಕೂರಿಸಿದರು. ನಡುಕ ನಿಂತಿತು. ಆ ಶುಕ್ರವಾರ ಫೋನು ಬಂದಾಗ ನಾನು ಮೊದಲ ಬಾರಿ ನಿಜ ಹೇಳಿದೆ.

ತಮ್ಮ ನಕ್ಕ. "ನಂಗೆ ಅನುಮಾನ ಇತ್ತು ಅಣ್ಣಾ. ಅಂಗ್ಡಿಯವ್ನು ನಡುವಿನ ತೂತಿನ ಅಳತೆ ಎಲ್ಲಿ ಅಂತ ಕೇಳ್ದ. ನಮ್ಮಣ್ಣ ಅಳ್ದು ಕಳ್ಸಿದ್ದು, ಅದ್ರಲ್ಲಿ ಇಲ್ಲ ಅಂದ್ರೆ ಅದು ಬೇಡ ಅಂತ್ಲೇ ಅರ್ಥ ಅಂದೆ." ಆಮೇಲೆ ಮಾತು ಬದಲಿಸಿದ. "ಅಣ್ಣಾ, ಏಪ್ರಿಲಿಗೆ ರಜೆ ಕೊಡೂದಿಲ್ಲಂತೆ. ಮಳೆಗಾಲ ಮುಗುದ್ ಮೇಲೆ ನೋಡ್ವ ಅಂದ್ರು."

"ಅಡ್ಡಿಲ್ಲ ಮಾರಾಯಾ, ಚಕ್ರ ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದೆ. ನಿಜ ಹೇಳುವ ಅಭ್ಯಾಸ ಅರ್ಧ ನಿಮಿಷವೂ ಬಾಳಲಿಲ್ಲ.

ಭಾನುವಾರ ಕಾರು ತೆಗೆದುಕೊಂಡು ಒಬ್ಬನೇ ಕುಮಟೆ ಕಡೆಗೆ ಹೋದೆ. ಶರಾವತಿ ಸೇತುವೆ ದಾಟಿ, ಹಳದೀಪುರದ ನೇರ ರಸ್ತೆಯಲ್ಲಿ ಮುಳ್ಳು ಎಪ್ಪತ್ತು ಮುಟ್ಟಿತು, ಎಂಬತ್ತೂ ಆಯಿತು. ಸ್ಟೇರಿಂಗು ಅಲುಗಲಿಲ್ಲ. ಪಕ್ಕದ ಸೀಟು ಖಾಲಿ ಇತ್ತು. ನಾನು ಕೂತು ಅವನನ್ನು ನೋಡಬೇಕಾಗಿದ್ದ ಸೀಟು ಅದು. ಕಣ್ಣು ಮಂಜಾಗಿ, ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದೆ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದೆ. ಎರಡೂ ನಡುಗುತ್ತಿದ್ದವು.

ಇದನ್ನು ಹೆಂಡತಿಗೆ ಹೇಳಿಲ್ಲ. ಹೇಳಿದರೆ, ಭಟ್ಕಳದಿಂದ ಕುಮಟೆವರೆಗಿನ ಮೆಕ್ಯಾನಿಕ್ಕರಿಗೆಲ್ಲ ತಿಳಿಯದ್ದು ತನಗೆ ಮೊದಲೇ ಗೊತ್ತಿತ್ತು ಎನ್ನುತ್ತಾಳೆ.